ಇಲಿ ಗಂಟು

"ಆಗಲೇ ಕಟ್ಕೊಂಡ್ಬಿಟ್ಯಾ?"

ಬಾಬಿನ್ ಕಣ್ಣುಜ್ಜುತ್ತಾ ಬಾಗಿಲಲ್ಲೇ ನಿಂತಳು. ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಅಮ್ಮ ಹೊಲಿಗೆ ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಶೂ ಲೇಸು ಕಟ್ಟಿ ಮುಗಿಸಿದ್ದಳು.

"ಹೂಂ ಕಣೇ. ಈಗ ಬಗ್ಗೋಕೆ ಬರುತ್ತಲ್ಲ! ಪಾಪ, ಮಲಗಿರಲಿ ಅಂತ ನಿನ್ನ ಎಬ್ಬಿಸಲಿಲ್ಲ."

"ನಾನು ಅಲಾರಂ ಇಟ್ಕೊಂಡಿದ್ದೆ."

"ಅಯ್ಯೋ, ಹೌದಾ?" ಅಮ್ಮ ಇನ್ನೇನೋ ಹೇಳುವಷ್ಟರಲ್ಲಿ ಒಳಗಿನಿಂದ ತಮ್ಮ ಕಿರುಚಿದ. ಅಮ್ಮ ಎದ್ದು ಹೋದಳು.

ಬಾಬಿನ್ ಆ ಶೂಗಳನ್ನೇ ನೋಡಿದಳು. ಒಂದೇ ಗಂಟು. ಅದೂ ಸಡಿಲ. ಹಲ್ಲುಜ್ಜಲು ಹೋದಳು. ಬ್ರಷ್ಷನ್ನು ಸ್ವಲ್ಪ ಜೋರಾಗಿಯೇ ತಿಕ್ಕಿದಳು.

ಅವಳಿಗೆ ಬಾಬಿನ್ ಅಂತ ಹೆಸರಿಟ್ಟವಳು ಅಜ್ಜಿ. ಅಜ್ಜಿ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಷಿನ್ನಿನೊಳಗೆ ದಾರ ಸುತ್ತಿಕೊಂಡು ಗಿರಗಿರ ತಿರುಗುತ್ತದಲ್ಲ ಬಾಬಿನ್ನು, ಮೊಮ್ಮಗಳೂ ಹಾಗೇ. ಕೂತಲ್ಲಿ ಕೂರುವವಳಲ್ಲ. ತಮ್ಮ ಹುಟ್ಟಿದಾಗ ಅಜ್ಜಿ ಅವನ ಪುಟಾಣಿ ಮೂಗು ನೋಡಿ "ಗುಂಡಿ" ಅಂದಳು. ಅಂಗಿ ಗುಂಡಿಯಷ್ಟೇ ಮೂಗು.

"ಅವನು ಹಾಲು ಕುಡಿಯೋದು ನೋಡಿದ್ರೆ ಅಂಗಿ ಗುಂಡಿ ಅಲ್ಲ, ರಸ್ತೆ ಗುಂಡಿ. ಎಷ್ಟು ಹಾಕಿದ್ರೂ ತುಂಬಲ್ಲ," ಅಂದಿದ್ದ ಅಪ್ಪ. ಅಪ್ಪ ಬಸ್ ಡ್ರೈವರ್. ರಸ್ತೆ ಗುಂಡಿಯ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಮ್ಮ ಗುಡ್ಡ ಓಡುವವಳು. ಟಾರು ರಸ್ತೆ ಅವಳಿಗೆ ಸಪ್ಪೆ. ಕಲ್ಲು, ಬೇರು, ಮಣ್ಣಿನ ಕಾಲುದಾರಿ ಬೇಕು. ಗುಂಡಿ ಹೊಟ್ಟೆಯಲ್ಲಿದ್ದಾಗಲೂ ಅವಳು ಗುಡ್ಡ ಬಿಡಲಿಲ್ಲ. ಮೊದಮೊದಲು ಮೆಲ್ಲಗೆ ಓಡಿದಳು. ಡಾಕ್ಟರ್ ಓಟ ಸಾಕು ಅಂದ ಮೇಲೆ ನಡೆದಳು. ಹೊಟ್ಟೆ ದೊಡ್ಡದಾಗಿ ಬಗ್ಗಲು ಬಾರದಾಗ ಸ್ಟೂಲಿನ ಮೇಲೆ ಕೂತು ಕರೆಯುತ್ತಿದ್ದಳು: "ಬಾಬಿನ್! ನನ್ನ ಕಾಲು ಕೆಳಗೇ ಇದೆಯೇನೇ? ಸ್ವಲ್ಪ ನೋಡಿ ಹೇಳು!"

ಬಾಬಿನ್ ಓಡಿಬಂದು, ನೆಲಕ್ಕೆ ಕೂತು, ಲೇಸು ಕಟ್ಟುತ್ತಿದ್ದಳು. ಅದು ಅವಳದೇ ಗಂಟು. ಅದಕ್ಕೊಂದು ಹಾಡನ್ನೂ ಅವಳೇ ಮಾಡಿದ್ದಳು.

"ಒಂದು ಕುಣಿಕೆ, ಎರಡು ಕುಣಿಕೆ,
ಬಾರೋ ಇಲಿಯೇ ಒಳಗೆ.
ಬಾಲ ಎಳೆದ್ರೆ ಬಾಗಿಲು ಬಂದ್,
ಇನ್ನು ಬರೋಲ್ಲ ಹೊರಗೆ!"

ಬಾಗಿಲು ಬಂದ್ ಅನ್ನುವಾಗ ಲೇಸನ್ನು ಪಟ್ಟನೆ ಎಳೆಯಬೇಕು. ಆಮೇಲೆ ಯಾವ ಗುಡ್ಡ ಹತ್ತಿದರೂ ಗಂಟು ಬಿಚ್ಚುವುದಿಲ್ಲ.

"ಹಾಗನ್ನಬೇಡ್ವೇ," ಅಂತ ಅಜ್ಜಿ ಮಷಿನ್ ನಿಲ್ಲಿಸಿ ಕೂಗುತ್ತಿದ್ದಳು. "ಹೊಟ್ಟೇಲಿರೋದು ಕೇಳಿಸ್ಕೊಂಡು ಒಳಗೇ ಕೂತುಬಿಟ್ಟೀತು!"

ಅಮ್ಮನ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು. ಲೇಸು ಕಟ್ಟುತ್ತಿದ್ದ ಬಾಬಿನ್ನಿನ ಹಣೆಗೆ ಅದು ಮೆತ್ತಗೆ ತಾಗುತ್ತಿತ್ತು.

ಗುಂಡಿ ಹೊರಗೆ ಬಂದ. ಅಮ್ಮನಿಗೆ ಮತ್ತೆ ಬಗ್ಗಲು ಬಂತು. ಡಾಕ್ಟರ್ ಸರಿ ಅಂದ ಮೇಲೆ ಓಟವೂ ಶುರುವಾಯಿತು. ಆದರೆ ಗುಂಡಿ ಮಲಗಿದಾಗ ಮಾತ್ರ. ಅವನು ಮಲಗುವ ಹೊತ್ತಿಗೆ ಬಾಬಿನ್ ಸ್ಕೂಲಿನಲ್ಲಿ ಇರುತ್ತಿದ್ದಳು. ಇವತ್ತು ಗುಡ್ಡದ ರೇಸು, ಭಾನುವಾರ ಬೇರೆ. ಇವತ್ತಾದರೂ ತಾನೇ ಕಟ್ಟಬೇಕು ಅಂತ ಅವಳು ರಾತ್ರಿಯೇ ಅಂದುಕೊಂಡಿದ್ದಳು.

*

ಗುಡ್ಡದ ಅರ್ಧದಲ್ಲಿ ಒಂದು ದೊಡ್ಡ ಮರ. ಅದರ ಕೆಳಗೆ ನೀರಿನ ಡ್ರಮ್ಮು, ಲೋಟ, ಹೆಚ್ಚಿದ ಹಣ್ಣು. ಅಜ್ಜಿ, ಬಾಬಿನ್, ಗುಂಡಿ ಮೂವರೂ ರೇಸಿನವರ ಜೀಪಿನಲ್ಲಿ ಅಲ್ಲಿಗೆ ಬಂದಿದ್ದರು. ಅಪ್ಪನಿಗೆ ಭಾನುವಾರವೂ ಡ್ಯೂಟಿ.

ಅಲ್ಲಿನ ಉಸ್ತುವಾರಿ ಕುತ್ತಿಗೆಗೆ ವಿಷಲ್ ಹಾಕಿಕೊಂಡಿದ್ದ ಒಬ್ಬ ಅಂಕಲ್‌ದು. ಅವರು ಡ್ರಮ್ಮಿನ ಮೇಲೆ ಬಟ್ಟೆ ಹೊದಿಸಿ, ಹಗ್ಗ ಸುತ್ತಿ, ಒಂದೇ ಎಳೆತಕ್ಕೆ ಗಂಟು ಹಾಕಿದರು. ಬಾಬಿನ್ ಕಣ್ಣರಳಿಸಿ ನೋಡಿದಳು. ಗಂಟಿನ ವಿಷಯದಲ್ಲಿ ಅವಳು ಸುಮ್ಮನೆ ಯಾರನ್ನೂ ಮೆಚ್ಚುವವಳಲ್ಲ.

"ನೀನು ಆ ತಂಗಿ ಮಗಳಲ್ವಾ?" ಅಂದರು ವಿಷಲ್ ಅಂಕಲ್. "ಹೋದ ರೇಸಲ್ಲಿ ನಿಮ್ಮಮ್ಮ ಅಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಇಲ್ಲೇ ಕೂತು ಎಲ್ಲರಿಗೂ ನೀರು ಕೊಟ್ರು. ಮುಂದಿನ ಸಲ ನಾನು ಓಡ್ತೀನಿ, ನೀವು ನೀರು ಕೊಡಿ ಅಂದಿದ್ರು."

"ಇವತ್ತು ಓಡ್ತಿದ್ದಾಳೆ. ಇಲ್ಲಿ ನಿಂತು ಗುಂಡಿಗೆ ಹಾಲು ಕೊಟ್ಟು ಮತ್ತೆ ಓಡ್ತಾಳೆ."

"ಹೌದಾ! ಆದ್ರೆ ಒಂದು ಮಾತು ಮಗೂ. ಹನ್ನೊಂದಕ್ಕೆ ಈ ದಾರಿಗೆ ಹಗ್ಗ ಕಟ್ತೀವಿ. ಮೇಲೆ ಬಿಸಿಲು ಜಾಸ್ತಿ ನೋಡು. ಹಗ್ಗ ಕಟ್ಟಿದ ಮೇಲೆ ಯಾರನ್ನೂ ಬಿಡೋ ಹಾಗಿಲ್ಲ. ಜೀಪಲ್ಲಿ ವಾಪಸ್."

ಬಾಬಿನ್ ಅಜ್ಜಿಯ ಕೈಗಡಿಯಾರ ನೋಡಿದಳು. ಇನ್ನೂ ಬೇಕಾದಷ್ಟು ಹೊತ್ತಿತ್ತು. ಓಟಗಾರರು ಒಬ್ಬೊಬ್ಬರಾಗಿ ಬಂದು, ನೀರು ಕುಡಿದು, ಹೋದರು. ಅಮ್ಮ ಬರಲಿಲ್ಲ.

ಅಷ್ಟರಲ್ಲಿ ಗುಂಡಿ ಶುರು ಹಚ್ಚಿಕೊಂಡ.

ಅಜ್ಜಿ ತಟ್ಟಿದಳು. ತೂಗಿದಳು. ಬಾಬಿನ್ ಮಂಗನ ಮುಖ ಮಾಡಿದಳು, ನಾಯಿ ಕೂಗು ಕೂಗಿದಳು, ಕೊಡೆ ಬಿಚ್ಚಿ ಗಿರಗಿರ ತಿರುಗಿಸಿದಳು. ಗುಂಡಿಯ ಮುಖ ಕೆಂಪಾಯಿತು. ಬಾಟಲಿ ಕೊಟ್ಟರೆ ತಳ್ಳಿದ.

"ಇವನು ಓಟಗಾರ ಅಲ್ಲ, ಹಾಡುಗಾರ," ಅಂದರು ವಿಷಲ್ ಅಂಕಲ್. "ನನ್ನ ವಿಷಲ್ಲಿಗೆ ಇವನ ಮುಂದೆ ಕೆಲಸವೇ ಇಲ್ಲ."

ಬಾಬಿನ್ನಿಗೆ ಸಾಕಾಯಿತು. ಕೊಡೆ ತಿರುಗಿಸಿ ತಿರುಗಿಸಿ ಅವಳದೇ ಲೇಸು ಬಿಚ್ಚಿತ್ತು. ಅಜ್ಜಿಯ ಕಾಲ ಬಳಿ ಕೂತು, ಅಭ್ಯಾಸದಂತೆ ಗೊಣಗಿದಳು. "ಒಂದು ಕುಣಿಕೆ, ಎರಡು ಕುಣಿಕೆ, ಬಾರೋ ಇಲಿಯೇ ಒಳಗೆ..."

ಅಳು ನಿಂತಿತು.

ಬಾಬಿನ್ ತಲೆ ಎತ್ತಿದಳು. ಗುಂಡಿ ಅಜ್ಜಿಯ ತೊಡೆಯಿಂದ ಬಗ್ಗಿ ಅವಳನ್ನೇ ನೋಡುತ್ತಿದ್ದ. ಕೆನ್ನೆಯ ಮೇಲೆ ಕಣ್ಣೀರು ಹಾಗೇ ನಿಂತಿತ್ತು.

"ಗುರುತು ಸಿಕ್ತು ನೋಡೇ!" ಅಜ್ಜಿ ಪಿಸುಗುಟ್ಟಿದಳು. "ಒಳಗಿದ್ದಾಗ ದಿನಾ ಕೇಳಿದ್ದಾನಲ್ಲ. ಹೇಳು, ಇನ್ನೊಂದು ಸಲ ಹೇಳು."

ಬಾಬಿನ್ ಮತ್ತೆ ಹೇಳಿದಳು. ಮತ್ತೆ ಮತ್ತೆ ಹೇಳಿದಳು. ಇಲಿ ಎಷ್ಟು ಸಲ ಒಳಗೆ ಹೋಯಿತೋ ಲೆಕ್ಕವಿಲ್ಲ. ಗುಂಡಿಯ ರೆಪ್ಪೆ ಭಾರವಾಯಿತು. ಬಾಯಿ ತೆರೆದುಕೊಂಡೇ ಅವನು ನಿದ್ದೆಹೋದ.

"ಮಲಗಿಸಿಬಿಟ್ಟೆ!" ಅಂತ ಬಾಬಿನ್ ಸದ್ದಿಲ್ಲದೆ ಕುಣಿದಳು. ಈಗ ಅಮ್ಮ ನಿಲ್ಲುವುದೇ ಬೇಡ! ನೀರು ಕುಡಿದು ಸೀದಾ ಓಡಬಹುದು!

ತಿರುವಿನಲ್ಲಿ ಅಮ್ಮ ಕಾಣಿಸಿದಳು. ಮುಖವೆಲ್ಲ ಬೆವರು. ಒಂದು ಶೂವಿನ ಲೇಸು ಬಿಚ್ಚಿ ನೆಲಕ್ಕೆ ಬಡಿಯುತ್ತಿತ್ತು. ಕೈಗಳನ್ನು ಎದೆಗೆ ಒತ್ತಿಕೊಂಡು ವಿಚಿತ್ರವಾಗಿ ಓಡಿಬಂದಳು.

"ಕೊಡು, ಕೊಡು ಅವನನ್ನ!"

"ಶ್! ಮಲಗಿದ್ದಾನೆ. ನಾನೇ ಮಲಗಿಸಿದೆ. ನೀನು ಓಡಮ್ಮಾ, ಬೇಗ ಓಡು!"

ಅಮ್ಮ ಗುಂಡಿಯನ್ನು ನೋಡಿದಳು, ಬಾಬಿನ್ನನ್ನು ನೋಡಿದಳು. ನಗಬೇಕೋ ಅಳಬೇಕೋ ಗೊತ್ತಾಗದವಳ ಹಾಗೆ ಕಲ್ಲಿನ ಮೇಲೆ ಕುಸಿದು ಕೂತಳು.

"ಅಯ್ಯೋ ನನ್ನ ಬಾಬಿನ್ನೇ! ಎದೇಲಿ ಹಾಲು ತುಂಬಿ ಕಲ್ಲಾಗಿದೆ ಕಣೇ. ಹೆಜ್ಜೆ ಇಟ್ರೆ ನೋವು. ಅವನು ಕುಡೀದೆ ನಾನು ಹೆಂಗೆ ಓಡ್ಲಿ?"

ಬಾಬಿನ್ನಿಗೆ ಇದು ಗೊತ್ತೇ ಇರಲಿಲ್ಲ. ಹಾಲು ಬೇಕಾಗಿರುವುದು ಗುಂಡಿಗೆ ಮಾತ್ರ ಅಂದುಕೊಂಡಿದ್ದಳು. ಗುಂಡಿ ಅಮ್ಮನಿಗೂ ಬೇಕು.

"ಎಬ್ಬಿಸಿ, ಎಬ್ಬಿಸಿ!" ಅಂದಳು ಅಜ್ಜಿ.

ಬಾಬಿನ್ ಅವನ ಅಂಗಾಲಿಗೆ ಕಚಗುಳಿ ಇಟ್ಟಳು. ಏನೂ ಇಲ್ಲ. ಕಿವಿಯಲ್ಲಿ ಊದಿದಳು. ಕೊರಡು ಬಿದ್ದ ಹಾಗೆ ಬಿದ್ದಿದ್ದ.

"ವಿಷಲ್ ಊದ್ಲಾ ಅಮ್ಮಾ?" ಅಂತ ಅಂಕಲ್ ಮುಂದೆ ಬಂದರು.

"ಬೇಡಪ್ಪಾ ಬೇಡ, ಬೆಚ್ಚಿಬಿದ್ದಾನು!" ಅಂದಳು ಅಜ್ಜಿ. ಆಮೇಲೆ ಟೈಲರ್ ಬುದ್ಧಿ ಓಡಿಸಿದಳು. ಗುಂಡಿಯ ಟೋಪಿ ತೆಗೆದಳು. ಕಾಲುಚೀಲ ಕಿತ್ತಳು. ಅಂಗಿಯ ಗುಂಡಿಗಳನ್ನು ಪಟಪಟ ಬಿಚ್ಚಿದಳು. ಗಾಳಿ ಹೊಟ್ಟೆಗೆ ತಾಗಿದ್ದೇ ತಡ, ಗುಂಡಿ ಮೈಮುರಿದು "ಹ್ಞೇ" ಅಂದ.

ಯಾವತ್ತೂ ಆ ಅಳು ಬಾಬಿನ್ನಿಗೆ ಅಷ್ಟು ಇಂಪಾಗಿ ಕೇಳಿರಲಿಲ್ಲ.

ಅಮ್ಮನ ಓಟದ ಅಂಗಿಯ ಎರಡೂ ಪಕ್ಕದಲ್ಲಿ ಅಜ್ಜಿ ಉದ್ದದ ಜಿಪ್ ಇಟ್ಟು ಹೊಲಿದಿದ್ದಳು. ನೋಡಿದವರು ಜೇಬು ಅಂದುಕೊಳ್ಳಬೇಕು, ಹಾಗಿತ್ತು. ಅಮ್ಮ ಒಂದು ಜಿಪ್ ಎಳೆದಳು. ಅಜ್ಜಿ ಕೊಡೆ ಬಿಚ್ಚಿ ಅಡ್ಡ ಹಿಡಿದಳು. ಗುಂಡಿ ಗುಟುಕು ಗುಟುಕಾಗಿ ಕುಡಿಯಲು ಶುರು ಮಾಡಿದ. ಅಮ್ಮನ ಹೆಗಲು ಮೆಲ್ಲಗೆ ಇಳಿಯಿತು. "ಹಪ್ಪಾ!" ಅಂದಳು.

ಹಿಂದೆ ಉಳಿದಿದ್ದವರೂ ಒಬ್ಬೊಬ್ಬರಾಗಿ ದಾಟಿ ಹೋದರು. "ಕುಡೀಲಿ, ಕುಡೀಲಿ. ಮೇಲೆ ಕಾಯ್ತಿರ್ತೀವಿ," ಅಂತ ಒಬ್ಬಾಕೆ ಕೈಬೀಸಿದಳು.

"ಬೇಗ ಕುಡಿಯೋ," ಅಂದಳು ಬಾಬಿನ್.

"ಬೇಗ ಅಂದ್ರೆ ಅವನಿಗೇನು ಗೊತ್ತು?" ಅಮ್ಮ ನಕ್ಕಳು. ಆಮೇಲೆ ತನ್ನ ಕಾಲು ನೋಡಿಕೊಂಡಳು. "ಬಾಬಿನ್, ಲೇಸು ಬಿಚ್ಚಿಹೋಗಿದೆ ಕಣೇ. ನಂಗೆ ಬಗ್ಗೋಕಾಗಲ್ಲ."

ಬಾಬಿನ್ ಆಗಲೇ ನೆಲಕ್ಕೆ ಕೂತಿದ್ದಳು.

"ಒಂದು ಕುಣಿಕೆ, ಎರಡು ಕುಣಿಕೆ..."

ಗುಂಡಿ ಕುಡಿಯುವುದನ್ನು ಬಿಟ್ಟು ಗಕ್ಕನೆ ತಿರುಗಿದ. ಬಾಯಿ ತುಂಬ ಹಾಲು, ಮುಖ ತುಂಬ ನಗು.

"ಹೇಳಬೇಡ್ವೇ! ಕುಡಿಯೋದು ಬಿಡ್ತಾನೆ!" ಅಜ್ಜಿ ಕೊಡೆಯ ಹಿಂದಿನಿಂದ ಗದರಿದಳು.

ಬಾಬಿನ್ ತುಟಿ ಬಿಗಿಹಿಡಿದು, ಮನಸ್ಸಿನಲ್ಲೇ ಇಲಿಯನ್ನು ಒಳಗೆ ಕರೆದಳು, ಮನಸ್ಸಿನಲ್ಲೇ ಬಾಗಿಲು ಹಾಕಿದಳು. ಲೇಸನ್ನು ಪಟ್ಟನೆ ಎಳೆದಳು.

ಅಮ್ಮ ಇನ್ನೊಂದು ಕಾಲನ್ನೂ ಮುಂದೆ ಚಾಚಿದಳು.

"ಇದು ಸರಿಯಾಗೇ ಇದೆಯಲ್ಲಮ್ಮಾ?"

"ಇರ್ಲಿ. ಇದನ್ನೂ ನೀನೇ ಕಟ್ಟು."

ಬಾಬಿನ್ ಅದನ್ನೂ ಬಿಚ್ಚಿ ಕಟ್ಟಿದಳು.

ಫುರ್ರ್! ವಿಷಲ್ ಕೇಳಿಸಿತು. ಹನ್ನೊಂದು ಗಂಟೆ.

ಗುಂಡಿ ಇನ್ನೊಂದು ಕಡೆಯ ಹಾಲನ್ನು ಕುಡಿಯಲು ಆಗಷ್ಟೇ ಬಾಯಿ ಹಾಕಿದ್ದ.

ವಿಷಲ್ ಅಂಕಲ್ ಹಗ್ಗ ತಂದರು. ಒಂದು ತುದಿಯನ್ನು ಮರಕ್ಕೆ ಕಟ್ಟಿದರು. ಇನ್ನೊಂದು ತುದಿಯನ್ನು ದಾರಿಯ ಆಚೆಯ ಕಂಬಕ್ಕೆ ಸುತ್ತಿದರು. ಗಂಟು ಜಾರಿತು. ಮತ್ತೆ ಸುತ್ತಿದರು. ಮತ್ತೆ ಜಾರಿತು.

"ಥತ್! ಈ ಹಗ್ಗಕ್ಕೆ ಇವತ್ತು ಏನಾಯ್ತೋ," ಅಂತ ಅದನ್ನು ಪೂರ್ತಿ ಬಿಚ್ಚಿ, ಕೊಡವಿ, ಉದ್ದಕ್ಕೆ ಹರಡಿ ನೋಡಿದರು.

ಬಾಬಿನ್ನಿಗೆ ತಡೆಯಲಾಗಲಿಲ್ಲ. "ಅಂಕಲ್, ನಾನು ಕಟ್ಕೊಡ್ಲಾ? ನಂಗೆ ಚೆನ್ನಾಗಿ..."

ಅಜ್ಜಿ ಅವಳ ಕಾಲು ತುಳಿದಳು.

"ಅಜ್ಜೀ! ಕಾಲು!"

ಅಜ್ಜಿ ಮರದ ಮೇಲಿನ ಹಕ್ಕಿ ನೋಡುತ್ತಿದ್ದಳು.

ಬಾಬಿನ್ ಡ್ರಮ್ಮಿನ ಕಡೆ ನೋಡಿದಳು. ಬೆಳಿಗ್ಗೆ ಒಂದೇ ಎಳೆತಕ್ಕೆ ಹಾಕಿದ ಗಂಟು ಅಲ್ಲಿ ಇನ್ನೂ ಕಲ್ಲಿನ ಹಾಗೆ ಕೂತಿತ್ತು. ಅವಳು ಅಂಕಲ್ ಕಡೆ ತಿರುಗಿದಳು. ಅವರು ಹಗ್ಗದ ತುದಿಯನ್ನು ಬಿಸಿಲಿಗೆ ಹಿಡಿದು, ಸೂಜಿಗೆ ದಾರ ಪೋಣಿಸುವವರಂತೆ ಒಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದರು.

ಬಾಬಿನ್ ಬಾಯಿ ಮುಚ್ಚಿಕೊಂಡಳು.

ಗುಂಡಿ ದೊಡ್ಡದಾಗಿ ತೇಗಿದ. ಅಮ್ಮ ಜಿಪ್ ಎಳೆದುಕೊಂಡಳು, ಅವನನ್ನು ಅಜ್ಜಿಯ ಕೈಗಿಟ್ಟಳು, ಬಾಬಿನ್ನಿನ ತಲೆಗೊಂದು ಮುತ್ತು ಕೊಟ್ಟು ಓಡಿದಳು. ಕಂಬದ ಪಕ್ಕದಿಂದ ದಾಟುವಾಗ, "ನೀರು ಕುಡಿದೇ ಇಲ್ಲ ತಂಗೀ," ಅಂತ ಅಂಕಲ್ ಅವಳ ಕೈಗೊಂದು ಬಾಟಲಿ ತುರುಕಿದರು.

ಅಮ್ಮ ಬಂಡೆಯ ಹಿಂದೆ ಮರೆಯಾದಳು. ಅಂಕಲ್ ಹಗ್ಗದ ತುದಿಯನ್ನು ಬಾಬಿನ್ನಿನ ಕಡೆ ಚಾಚಿದರು.

"ಈಗ ಕಟ್ಟಮ್ಮಾ ನೋಡೋಣ."

ಬಾಬಿನ್ ಕಟ್ಟಿದಳು. ಅಂಕಲ್ ಎಳೆದು ನೋಡಿದರು. "ಪರವಾಗಿಲ್ವೇ!" ಅಂದರು.

*

ಅಮ್ಮ ರೇಸು ಮುಗಿಸುವಾಗ ಕೊನೆಯ ಗೆರೆಯ ಬ್ಯಾನರನ್ನು ಆಗಲೇ ಬಿಚ್ಚುತ್ತಿದ್ದರು. ಅವಳಿಗೆ ಅದರ ಚಿಂತೆಯೇ ಇರಲಿಲ್ಲ. ಬಿಚ್ಚುತ್ತಿದ್ದವರು ಬ್ಯಾನರನ್ನು ಕೈಯಲ್ಲೇ ಎತ್ತಿ ಹಿಡಿದರು. ಅಮ್ಮ ಅದರ ಕೆಳಗೆ ನಗುತ್ತಾ ಓಡಿಬಂದಳು.

ಮನೆಗೆ ಬಂದು ಅವಳು ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಡ್ಯೂಟಿ ಮುಗಿಸಿ ಬಂದ ಅಪ್ಪ ಗುಂಡಿಯನ್ನು ಹೆಗಲಿಗೆ ಹಾಕಿಕೊಂಡು, ಬಸ್ಸಿನ ಹಾಗೆ ಸದ್ದು ಮಾಡುತ್ತಾ ಕೋಣೆಯಲ್ಲಿ ಸುತ್ತುತ್ತಿದ್ದ.

ಅಮ್ಮ ಶೂಗೆ ಕೈ ಹಾಕಲು ಬಗ್ಗಿದಳು. "ಅಮ್ಮಮ್ಮಾ!" ಅಂತ ಹಾಗೇ ನೆಟ್ಟಗಾದಳು. ಸೊಂಟ, ತೊಡೆ, ಮೀನಖಂಡ ಎಲ್ಲ ಸೆಟೆದುಕೊಂಡಿದ್ದವು.

"ಬಾಬಿನ್! ಯಾರೇ ಇದನ್ನ ಇಷ್ಟು ಬಿಗಿಯಾಗಿ ಕಟ್ಟಿದ್ದು?"

ಬಾಬಿನ್ ಬಂದು ನೆಲಕ್ಕೆ ಕೂತಳು. ಲೇಸಿನ ತುಂಬ ಕೆಂಪು ಮಣ್ಣು. ಗಂಟು ಮಾತ್ರ ಮರದ ಕೆಳಗೆ ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಅವಳು ಅವಸರ ಮಾಡಲಿಲ್ಲ. ಉಗುರಿನಿಂದ ಮಣ್ಣು ಕೆರೆದು, ಮೆಲ್ಲಗೆ ತುದಿ ಹುಡುಕಿದಳು.

"ಒಂದು ಕುಣಿಕೆ, ಎರಡು ಕುಣಿಕೆ," ಅಂದಳು.

ಅಪ್ಪನ ಹೆಗಲ ಮೇಲೆ ಗುಂಡಿ ಕತ್ತು ತಿರುಗಿಸಿದ. ಬಸ್ಸು ನಿಂತಿತು.

ಬಾಬಿನ್ ಅವನನ್ನು ನೋಡಿ ನಕ್ಕಳು. ಆಮೇಲೆ ತುದಿ ಹಿಡಿದು ಎಳೆದಳು.

"ಬಾರೋ ಇಲಿಯೇ ಹೊರಗೆ."