ಅವನ ಎಡಗಡೆಯ ಜಾಗ

"ಎರಡು ಬೆರಳು ಇಡ್ರಿ ಕೇದಾರ್... ಹಾಂ, ಈಗ ಅಗಲ ಮಾಡ್ರಿ!"

ಆ ಹುಡುಗಿ ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಕೇದಾರನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಸರಿಸಿಯೇ ತೋರಿಸಿದಳು. ಮೇಜಿನಗಲದ ಗಾಜಿನ ಮೇಲೆ ಅಂಗೈಯಷ್ಟಿದ್ದ ಮನೆಯ ನಕ್ಷೆ ಅರಳಿ ದೊಡ್ಡದಾಯಿತು.

ಬಾಗಿಲಲ್ಲಿ ನಿಂತ ಸುಹಾಸಿನಿಗೆ ಕಂಡದ್ದು ನಕ್ಷೆಯಲ್ಲ, ಆ ಬೆರಳುಗಳು!

ಗೋವಾದ ಮಡಗಾಂವಿನ ಮಿಲಿಂದ ಸರ್ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುವುದು ಅವಳ ಕೆಲಸ. ಧಾರವಾಡ ಬಿಟ್ಟು ಬಂದು ಮೂರು ವರ್ಷ. ಬೆಳಗಾವಿಯ ಕೇದಾರ ಅಲ್ಲಿ ಎಂಜಿನಿಯರ್. ಅವಳು ಎಡಚಿ, ಅವನು ಬಲಗೈಯವನು. ನಕ್ಷೆ ಬರೆಯುವ ಒಂದೇ ಹಲಗೆಗೆ ಇಬ್ಬರೂ ಬಾಗಿದಾಗ ಮೊಣಕೈ ತಾಗಬಾರದೆಂದು ಮೊದಲ ದಿನವೇ ಅವನು, "ನೀವು ನನ್ನ ಎಡಕ್ಕ ಕೂಡ್ರಿ" ಎಂದಿದ್ದ.

ಅಂದಿನಿಂದ ಆ ಜಾಗ ಅವಳದು. ಮೊಣಕೈ ತಾಗಲಿಲ್ಲ ನಿಜ... ಭುಜ ಮಾತ್ರ ಆಗಾಗ ತಾಗುತ್ತಿತ್ತು. ಅದರಿಂದ ತನಗೆ ಏನಾಗುತ್ತದೆಂದು ಅವಳು ಯಾರಿಗೂ ಹೇಳಿರಲಿಲ್ಲ, ಕೇದಾರನಿಗಂತೂ ಇಲ್ಲವೇ ಇಲ್ಲ.

ಈಗ ಹಲಗೆ ಮೂಲೆ ಸೇರಿದೆ. ಟಚ್ ಮೇಜು ಬಂದಿದೆ. ಅದನ್ನು ಕಲಿಸಲು ಕಂಪನಿಯಿಂದ ಬಂದ ತನ್ವಿ ನಿಂತಿರುವುದು ಎಲ್ಲಿ? ಕೇದಾರನ ಎಡಕ್ಕೆ!

"ಬರ್ರಿ ಸುಹಾಸಿನಿ, ನೀವೂ ಮುಟ್ಟಿ ನೋಡ್ರಿ. ಭಾಳ ಮಜಾ ಐತಿ!" ಎಂದ ಕೇದಾರ.

"ನನಗ ಪೆನ್ಸಿಲ್ ಸಾಕ್ರಿ."

ಉಳಿದವರೆಲ್ಲ ಮೇಜಿಗೆ ಮರುಳಾದರು. ಮನೆ ಕಟ್ಟಿಸಲೆಂದು ಸಾವರ್ಡೆಯಿಂದ ಬಂದಿದ್ದ ಯಲ್ಲವ್ವ ಸೆರಗಿಗೆ ಕೈ ಒರೆಸಿಕೊಂಡು, "ಶಾಕ್ ಹೊಡಿಯಂಗಿಲ್ಲಲ್ರೀ?" ಎಂದು ಕೇಳಿಯೇ ಮುಟ್ಟಿದಳು. ಗಾಜಿನೊಳಗೆ ಗೋಡೆಗಳು ಎದ್ದು ನಿಂತಾಗ, "ಅಯ್ಯ ನಮ್ಮವ್ವ, ಕಟ್ಟೇ ಬಿಟ್ರಲ್ಲ!" ಎಂದು ಕೈ ಮುಗಿದಳು. ಮಿಲಿಂದ ಸರ್ ಮರೆತು ಚಹಾ ಲೋಟ ಇಟ್ಟರೆ, ಅದನ್ನೂ ಬೆರಳೆಂದುಕೊಂಡ ಮೇಜು ಯಾರದೋ ಬಚ್ಚಲುಮನೆ ತೆರೆದು ತೋರಿಸಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸುಹಾಸಿನಿ ನಗಲಿಲ್ಲ. ಒಂದು ಮೇಜಿನ ಮೇಲೆ ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ! ಮೇಜಿನ ಮೇಲೂ, ಅದನ್ನು ಕಲಿಸುವವಳ ಮೇಲೂ. ಹದಿನೈದು ದಿನ ಅವಳು ಆ ಗಾಜಿಗೆ ಬೆರಳು ಸೋಕಿಸಲಿಲ್ಲ.

ಒಂದು ಮಧ್ಯಾಹ್ನ ಊಟ ಮುಗಿಸಿ ಬೇಗ ಬಂದಳು. ಕೇದಾರ, ತನ್ವಿ ತಲೆಗೆ ತಲೆ ಕೊಟ್ಟು ನಿಂತಿದ್ದರು. ಗಾಜಿನ ಮೇಲೊಂದು ಪುಟ್ಟ ಮನೆ. ಕಚೇರಿಯ ಪ್ರತಿ ನಕ್ಷೆಯೂ ಅವಳ ಕೈ ದಾಟಿಯೇ ಹೋಗಬೇಕು. ಇದನ್ನು ಅವಳು ಕಂಡಿರಲಿಲ್ಲ!

"ಮನಿ ಅಂತೂ ಆತು," ತನ್ವಿ ನಗುತ್ತಿದ್ದಳು. "ಬಾಯಿ ಬಿಟ್ಟು ಹೇಳೂದು ಯಾವಾಗ?"

ಸುಹಾಸಿನಿಯನ್ನು ನೋಡಿದ್ದೇ ಕೇದಾರ ಗಾಬರಿಯಿಂದ ಕೈಯಾಡಿಸಿದ. ಮನೆ ಮಾಯವಾಯಿತು.

"ಯಾರ ಮನಿರೀ ಅದು?"

"ಅದು... ಹಿಂಗ... ಪ್ರಾಕ್ಟೀಸ್ ಮಾಡಾಕತ್ತಿದ್ದೆ."

ಸುಳ್ಳು! ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ, ಅವಳಿಗೆ ಗೊತ್ತು. 'ಇಬ್ಬರೂ ಸೇರಿ ತಮ್ಮ ಮನೆ ಬರೆಯುತ್ತಿದ್ದಾರೆ. ನನ್ನಿಂದಲೇ ಮುಚ್ಚಿಡುತ್ತಿದ್ದಾರೆ...' ಕಣ್ಣು ತುಂಬಿತು. ಸಂಜೆ ಹೊರಡುವಾಗ ಅವಳೇ ಅವನನ್ನು ತಡೆದಳು.

"ನಾ ಧಾರವಾಡಕ್ಕ ಹೊಂಟೇನಿ. ಅಣ್ಣ ಒಂದು ಸಂಬಂಧ ನೋಡ್ಯಾನ. ಖಂಡೇಪೂಜಿ ದಿನ ಹೂಂ ಅಂತ ಫೋನ್ ಮಾಡಾಕಿ ಇದ್ದೇನಿ."

ಕೇದಾರನ ಮುಖ ಬಿಳಿಚಿತು. "ಪೂಜಿ ಮುಗಿಯೂತನಕ ತಡೀರಿ," ಎಂದನಷ್ಟೇ.

'ತಡೆಯಬೇಕಂತೆ! ಇವರ ಸಿಹಿಸುದ್ದಿ ಕೇಳಲಿಕ್ಕೆ!' ಅವಳ ಎದೆ ಉರಿಯಿತು.

ಖಂಡೇಪೂಜೆಯ ದಿನ ಕಚೇರಿಯ ಆಯುಧಗಳಾದ ಪೆನ್ಸಿಲ್, ಸ್ಕೇಲು, ಹಲಗೆಗೆಲ್ಲ ಹೂವೇರಿತು. ಮಿಲಿಂದ ಸರ್ ತಟ್ಟೆಯನ್ನು ಅವಳ ಕೈಗೇ ಕೊಟ್ಟರು. "ಪ್ರತಿ ವರ್ಷ ಪೂಜಿ ಮಾಡಾಕಿ ನೀನ. ಮೇಜಿಗೂ ನೀನ ಮಾಡು."

'ಸವತಿಗೆ ನಾನೇ ಆರತಿ ಎತ್ತಬೇಕೆ!'

ಗಾಜು ಕಪ್ಪಗಿತ್ತು. ಬಂದ್ ಆಗಿದೆ ಎಂದುಕೊಂಡಳು. ಅರಿಷಿಣ ಬಲಗೈಯಲ್ಲೇ ಹಚ್ಚಬೇಕೆಂದು ಅವ್ವ ಕಲಿಸಿದ್ದೂ ಸಿಟ್ಟಿನಲ್ಲಿ ಮರೆತುಹೋಯಿತು. ಎಡಗೈಯ ಎರಡು ಬೆರಳಿಗೆ ಹಸಿ ಅರಿಷಿಣ ಮೆತ್ತಿಕೊಂಡು ಗಾಜಿನ ಮೇಲಿಟ್ಟು ಅಗಲಕ್ಕೆ ಎಳೆದಳು.

ಮೇಜು ಬಂದ್ ಆಗಿರಲಿಲ್ಲ, ಬರೀ ಮಲಗಿತ್ತು. ಥಟ್ಟನೆ ಬೆಳಗಿತು!

ಅದೇ ಪುಟ್ಟ ಮನೆ. ಅವಳ ಬೆರಳುಗಳ ನಡುವೆ ಅಡುಗೆಮನೆ ದೊಡ್ಡದಾಗುತ್ತ ಬಂತು. ನೆಲದ ಮಟ್ಟದಲ್ಲೊಂದು ಕಲ್ಲು. ಪಕ್ಕದಲ್ಲಿ ಬರೆದಿತ್ತು: 'ಕೂತು ರೊಟ್ಟಿ ಬಡಿಯುವ ಜಾಗ. ಒಲೆ ಎಡಕ್ಕೆ.' ಕೂತವರ ಕಣ್ಣಿನ ಮಟ್ಟಕ್ಕೆ ಒಂದು ಕಿಟಕಿ.

ಸುಹಾಸಿನಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಎಂದೋ ಒಮ್ಮೆ ಊಟದ ಡಬ್ಬಿ ಬಿಚ್ಚುತ್ತ ಗೊಣಗಿದ್ದಳು: "ನಿಂತು ರೊಟ್ಟಿ ಬಡಿಯಾಕ ನನಗ ಬರಂಗಿಲ್ರಿ. ಕೂತ ಬಡೀಬೇಕು. ಎಡಚಿ ನೋಡ್ರಿ, ಒಲಿನೂ ಎಡಕ್ಕ ಬೇಕು. ಅಂಥಾ ಮನಿ ಯಾರು ಕಟ್ತಾರ?"

ಅದನ್ನು ಕೇಳಿಸಿಕೊಂಡವನು ಒಬ್ಬನೇ!

"ಕಾಗದದ ಮ್ಯಾಲ ಬರೆದಿದ್ರ ನಿಮ್ಮ ಕೈಗೇ ಸಿಗ್ತಿತ್ತು," ಕೇದಾರನ ಕಿವಿ ಕೆಂಪಾಗಿತ್ತು. ಈ ಸಲ ಸುಳ್ಳಿಗಲ್ಲ. "ಪೂಜಿ ಮುಗದ ಮ್ಯಾಲ ತೋರಸಾಂವ ಇದ್ದೆ. ಸುಹಾಸಿನಿ... ನನಗ ನೀವು ಬೇಕ್ರಿ. ಖರೇ ಹೇಳ್ತೇನಿ."

"ನನ್ನ ತಲಿ ತಿಂದು ಹಾಕ್ಯಾರ ಇವರು!" ತನ್ವಿ ಹಣೆ ಚಚ್ಚಿಕೊಂಡಳು. "ಒಲಿ ಎಡಕ್ಕ, ಕಿಟಕಿ ಕೆಳಗ... ರೊಟ್ಟಿ ಹೆಂಗ ಬಡೀತಾರ ಅನ್ನೂದೂ ನನಗ ಗೊತ್ತಿಲ್ಲ!" ಎನ್ನುತ್ತ ಪಕ್ಕಕ್ಕೆ ಸರಿದು ಆರತಿ ತಟ್ಟೆ ಇಸಿದುಕೊಂಡಳು.

ಅವನ ಎಡಗಡೆ ಖಾಲಿಯಾಯಿತು.

ಸುಹಾಸಿನಿ ನಾಚುತ್ತಲೇ ಹೋಗಿ ಅಲ್ಲಿ ನಿಂತಳು. ಹದಿನೈದು ದಿನ ಸುಮ್ಮನೆ ಹೊಟ್ಟೆ ಉರಿಸಿಕೊಂಡೆನಲ್ಲ ಎಂದು ನಗುವೂ ಬಂತು, ಅಳುವೂ ಬಂತು.

"ಅಣ್ಣಗ ಏನು ಹೇಳ್ತೀರಿ?" ಕೇದಾರ ಮೆಲ್ಲಗೆ ಕೇಳಿದ.

"ಆ ಸಂಬಂಧ ಬ್ಯಾಡ ಅಂತೇನಿ. ಆದ್ರ... ನಿಮ್ಮ ನಕ್ಷಾದಾಗ ಒಂದು ತಪ್ಪೈತಿ."

"ಏನ್ರೀ?" ಅವನಿಗೆ ದಿಗಿಲಾಯಿತು.

"ರೊಟ್ಟಿಕಲ್ಲಿನ ಹತ್ರ ಒಬ್ಬರಿಗಷ್ಟ ಜಾಗ ಐತಿ. ಬಿಸಿ ರೊಟ್ಟಿ ತಿನ್ನಾಕ ನೀವು ಎಲ್ಲಿ ಕೂಡಾವ್ರು?"

"ನಿಮ್ಮ ಬಲಕ್ಕರೀ..."

"ಹಂಗಾದ್ರ ಆ ಗ್ವಾಡಿ ಒಂಚೂರು ಸರಸ್ರಿ," ಎಂದು ಅವಳು ಅರಿಷಿಣದ ಬೆರಳನ್ನು ಅವನ ಬೆರಳ ಪಕ್ಕದಲ್ಲೇ ಇಟ್ಟಳು.