ಓಟಿಪಿ ಹೇಳಲ್ಲ!

“ಓಟಿಪಿ ಹೇಳೇ!”

“ಹೇಳಲ್ಲ.”

“ಕೃಪಾ, ಆಟ ಆಡ್ಬೇಡ. ಹತ್ತೇ ನಿಮಿಷ ಇರುತ್ತೆ ಅದು!”

“ಇರ್ಲಿ. ಹೇಳಲ್ಲ ಅಂದ್ರೆ ಹೇಳಲ್ಲ.”

ಕೃಪಾ ಅಮ್ಮನ ಫೋನನ್ನು ಎದೆಗೆ ಅವುಚಿಕೊಂಡು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ನುಸುಳಿದಳು. ಟ್ಯಾಂಕಿಗೂ ಗೋಡೆಗೂ ನಡುವಿನ ಸಂದಿ ಐದನೇ ಕ್ಲಾಸಿನವರಿಗೆ ಮಾತ್ರ ಸರಿಹೋಗುವಂಥದ್ದು. ಎರಡನೇ ಪಿಯುಸಿಯ ದಿವ್ಯಾ ಅಕ್ಕ ಎಷ್ಟು ಉಸಿರು ಬಿಗಿಹಿಡಿದರೂ ಒಂದು ಭುಜವಷ್ಟೇ ಒಳಗೆ ಬಂತು.

ಬಿಸಿಲಲ್ಲಿ ಕುಳಿತು ಅವರೆಕಾಳು ಹಿತುಕುತ್ತಿದ್ದ ಅಜ್ಜಿ ಚಿಕ್ಕಮುನಿಯಮ್ಮ ತಲೆ ಎತ್ತಿ ನೋಡಿದಳು. ಇವರದು ದಿನಾ ಇದ್ದದ್ದೇ ಎಂದುಕೊಂಡು ಮತ್ತೆ ತಲೆ ತಗ್ಗಿಸಿದಳು.

ಆದರೆ ಇವತ್ತಿನದು ದಿನಾ ಇದ್ದದ್ದಲ್ಲ. ದಿವ್ಯಾಗೆ ಸಿವಿಲ್ ಇಂಜಿನಿಯರಿಂಗ್ ಓದುವ ಆಸೆ. ವೈಟ್‌ಫೀಲ್ಡ್ ಆಚೆಗಿನ ದೊಡ್ಡ ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಿದ್ದಳು. ಸಂಜೆ ಐದಕ್ಕೆ ಕೊನೆ. ಆಗಲೇ ನಾಲ್ಕೂಕಾಲು. ಪೋಷಕರ ನಂಬರಿಗೆ ಬರುವ ಓಟಿಪಿ ಹಾಕದೆ ಅರ್ಜಿ ಕದಲುವುದಿಲ್ಲ. ಅಮ್ಮನೋ, ವರ್ತೂರಿನ ಸೀಮಂತಕ್ಕೆ ಹೊರಡುವ ಗಡಿಬಿಡಿಯಲ್ಲಿ ಫೋನನ್ನು ಚಾರ್ಜಿಗಿಟ್ಟು ಮರೆತಿದ್ದಳು.

ಇಷ್ಟಕ್ಕೂ ಕೃಪಾಗೆ ಏನಾಗಿತ್ತು? ತಾರಸಿಯಲ್ಲಿ ಕುಳಿತಿದ್ದ ಅಕ್ಕನ ಹೆಗಲ ಮೇಲಿಂದ ಲ್ಯಾಪ್‌ಟಾಪಿನಲ್ಲಿ ಇಣುಕಿದ್ದಳು, ಅಷ್ಟೆ. ಅರ್ಜಿಯ ಜೊತೆ ಕೊಡಬೇಕಾದ, ಬದುಕನ್ನು ಬದಲಿಸಿದ ಘಟನೆಯ ಬಗೆಗಿನ ಎಸ್ಸೆ. ನಾಲ್ಕನೇ ಸಾಲಿನಲ್ಲಿ ‘ಗ್ರ್ಯಾಂಡ್‌ಮದರ್’ ಎಂದಿತ್ತು. ಪಕ್ಕದಲ್ಲೇ ‘ಡೈಡ್’ ಎಂದಿತ್ತು. ಅಷ್ಟು ಇಂಗ್ಲಿಷ್ ಅವಳಿಗೆ ಬರುತ್ತಿತ್ತು. ಯಾರೋ ಬೇರೆ ಅಜ್ಜಿ ಇರಬಹುದು ಎಂದುಕೊಳ್ಳೋಣವೆಂದರೆ ಹೆಸರು ಸಮೇತ ಬರೆದಿದ್ದರು: ಚಿಕ್ಕಮುನಿಯಮ್ಮ!

“ಅದನ್ನ ಬರ್ದಿದ್ದು ನಾನಲ್ಲ ಕಣೇ. ನರೇಶ್ ಅಣ್ಣ” ಎಂದಳು ದಿವ್ಯಾ.

ನರೇಶ್ ಮಾರತ್ತಹಳ್ಳಿಯಲ್ಲಿ ಅಡ್ಮಿಷನ್ ಮಾಡಿಸಿಕೊಡುವ ಆಫೀಸು ಇಟ್ಟವನು. ದಿವ್ಯಾಳ ಫೋನಿನ ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

“ಪುಟ್ಟಾ, ಇಲ್ಕೇಳು” ಎಂದ. “ಮಾರ್ಕ್ಸಿಗೆ ಐವತ್ತು, ಎಂಟ್ರೆನ್ಸ್ ಟೆಸ್ಟಿಗೆ ಮೂವತ್ತು, ಎಸ್ಸೆಗೆ ಇಪ್ಪತ್ತು. ಹಂಗೆ ಲೆಕ್ಕ ಹಾಕಿ ಸೀಟ್ ಕೊಡೋದು. ಮಾರ್ಕ್ಸು ಎಲ್ರಿಗೂ ಬಂದಿರುತ್ತೆ. ಎಸ್ಸೆ ಓದ್ದೋರಿಗೆ ಕಣ್ಣಲ್ಲಿ ನೀರ್ ಬರ್ಬೇಕು. ಹೋದ್ ವರ್ಷ ಆರು ಅಜ್ಜೀರು ಸಕ್ಕತ್ತಾಗಿ ವರ್ಕೌಟ್ ಆದ್ರು!”

“ನಿಮ್ಮಜ್ಜೀನ ಸಾಯಿಸ್ಕೊಳ್ಳಿ!” ಕೃಪಾ ಕಿರುಚಿದಳು. “ನಮ್ಮಜ್ಜಿ ಇಲ್ಲೇ ಕೂತಿದಾಳೆ!”

ಅಜ್ಜಿಯ ಕೈ ನಿಂತಿತು. “ಏನಮ್ಮಿ ಅದು? ನನ್ ಮಾತು ಯಾಕ್ ಬಂತು?”

ಬೇಡ ಬೇಡ ಎಂದು ದಿವ್ಯಾ ಕೈಸನ್ನೆ ಮಾಡಿದಳು. ಕೃಪಾ ಕೇಳುವ ಸ್ಥಿತಿಯಲ್ಲಿರಲಿಲ್ಲ.

“ಅಜ್ಜೀ, ನೀನು ಸತ್ತೋಗಿದೀಯ ಅಂತ ಅಕ್ಕನ ಅರ್ಜೀಲಿ ಬರ್ದಿದಾರೆ!”

ಈಗ ಇದೆ ನರೇಶನಿಗೆ ಹಬ್ಬ ಎಂದುಕೊಂಡಳು ಕೃಪಾ. ನಲ್ಲಿ ನಿಲ್ಲಿಸದೆ ಹೋದ ಬಾಡಿಗೆಯವರನ್ನು ಬೀದಿಗೆಲ್ಲ ಕೇಳುವಂತೆ ಬಯ್ಯುವ ಅಜ್ಜಿ ಅವಳು. ಆದರೆ ಅಜ್ಜಿ ಬಯ್ಯಲಿಲ್ಲ. ಮೆಲ್ಲಗೆ ಕೇಳಿದಳು:

“ಅಂಗ್ ಬರುದ್ರೆ ಸೀಟು ಕೊಡ್ತಾರಂತಾ?”

“ಕೊಡ್ಬೋದು ಅಜ್ಜಿ...” ಎಂದಳು ದಿವ್ಯಾ.

“ಬರ್ಕೊಳ್ಳಲಿ ಬಿಡವ್ವ. ಕಾಗದ್ದಲ್ಲಿ ಸತ್ರೆ ನಂಗೇನು ನೋವಾಯ್ತದಾ? ಯಾವ ಕಾಯಿಲೆ ಅಂತ ಬರುದವ್ರೆ?”

“ಕ್ಯಾನ್ಸರ್.”

“ಒಸಿ ಸಣ್ ಕಾಯಿಲೆ ಬರೀಬಾರ್ದಾಗಿತ್ತಾ?” ಎಂದು ಅಜ್ಜಿ ನಕ್ಕಳು. ನಗುತ್ತಲೇ ಒಂದು ಕಾಳು ಹಿತುಕಿ, ಸಿಪ್ಪೆಯನ್ನು ಪಾತ್ರೆಗೆ ಹಾಕಿ ಬೇಳೆಯನ್ನು ಸಿಪ್ಪೆಯ ರಾಶಿಗೆ ಎಸೆದಳು. ಇನ್ನೊಂದು ಕಾಳನ್ನೂ ಹಾಗೇ ಮಾಡಿದಳು.

ಅದನ್ನು ದಿವ್ಯಾ ನೋಡಿದಳು. ಕೃಪಾಳೂ ನೋಡಿದಳು. ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. “ನೀನು ಒಪ್ಕೊಂಡ್ರೂ ನಾನು ಒಪ್ಪಲ್ಲ ಅಜ್ಜಿ! ಐದು ಗಂಟೆ ಆಗೋವರ್ಗೂ ಇಲ್ಲೇ ಇರ್ತೀನಿ!”

ದಿವ್ಯಾ ಫೋನನ್ನು ಬಾಯಿಯ ಹತ್ತಿರ ತಂದಳು. “ಅಣ್ಣ, ನಮ್ಮಜ್ಜಿ ವಿಷ್ಯ ತೆಗೀತಿದೀನಿ.”

“ತಲೆ ಕೆಟ್ಟಿದ್ಯಾ? ಇಪ್ಪತ್ತಕ್ಕೆ ಐದೂ ಬರಲ್ಲ! ನಿನ್ ಲೈಫಲ್ಲಿ ಬರಿಯೋಕೆ ಬೇರೇನಿದೆ?”

ದಿವ್ಯಾ ಫೋನ್ ಕಟ್ ಮಾಡಿದಳು. ಲ್ಯಾಪ್‌ಟಾಪಿನ ಮುಂದೆ ಕುಳಿತು ನಾಲ್ಕನೇ ಸಾಲಿನಿಂದ ಕೊನೆಯವರೆಗೂ ಅಳಿಸಿದಳು. “ಈಗ ಏನ್ ಬರೀಲಿ?” ಎಂದಳು.

“ಬೋರ್‌ವೆಲ್ ವಿಷ್ಯ ಬರಿ” ಎಂದಿತು ಟ್ಯಾಂಕಿನ ಹಿಂದಿನ ದನಿ.

“ಮೋಟ್ರು ಹಾಕಿ ಆರಿಸೋದನ್ನ ಯಾರಾದ್ರೂ ಎಸ್ಸೆ ಬರೀತಾರೇನೇ?”

“ಯಾರೂ ಸಾಯಲ್ವಲ್ಲ ಅದ್ರಲ್ಲಿ. ಬರಿ!”

ಹೋದ ಬೇಸಿಗೆಯಲ್ಲಿ ಅವರ ಬೋರ್‌ವೆಲ್ ಬರೀ ಗಾಳಿ ಉಗುಳತೊಡಗಿತ್ತು. ಹನ್ನೆರಡು ಮನೆಯ ಬಾಡಿಗೆಯವರು ಕೊಡ ಹಿಡಿದು ಬಾಗಿಲಿಗೆ ಬಂದಿದ್ದರು. ಎಷ್ಟು ಗಂಟೆ ಬಿಟ್ಟು ಮೋಟಾರ್ ಹಾಕಿದರೆ ಎಷ್ಟು ನಿಮಿಷ ನೀರು ಬರುತ್ತದೆಂದು ದಿವ್ಯಾ ಹತ್ತೊಂಬತ್ತು ದಿನ ಬರೆದಿಟ್ಟಿದ್ದಳು. ಆಮೇಲೆ ಒಂದು ಟೈಮ್‌ಟೇಬಲ್ ಮಾಡಿ ಸ್ವಿಚ್ಚಿನ ಪಕ್ಕ ಅಂಟಿಸಿದಳು. ಆ ಬೇಸಿಗೆ ಹೇಗೋ ದಾಟಿತು.

ದಿವ್ಯಾ ಟೈಪ್ ಮಾಡತೊಡಗಿದಳು. ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗ. ನಡುವೆ “ಏಪ್ರಿಲ್‌ನಲ್ಲಿ ಎಷ್ಟ್ ಮನೆ ಖಾಲಿ ಆಗಿತ್ತೇ?” ಎಂದು ಕೇಳಿದಳು. “ಒಂದೂ ಇಲ್ಲ!” ಎಂದಳು ಕೃಪಾ.

ಐದಕ್ಕೆ ಆರು ನಿಮಿಷವಿದ್ದಾಗ ಅಮ್ಮನ ಫೋನಿಗೆ ಹೊಸ ಓಟಿಪಿ ಬಂತು. ತಲೆಗೆಲ್ಲ ಜೇಡರಬಲೆ ಮೆತ್ತಿಕೊಂಡು ಕೃಪಾ ಹೊರಗೆ ಬಂದಳು. ಆರು ಅಂಕಿಗಳನ್ನು ಜೋರಾಗಿ ಓದಿದಳು. ದಿವ್ಯಾ ಬಟನ್ ಒತ್ತಿದಳು. ಅರ್ಜಿ ಹೋಯಿತು.

“ನಾನೇ ಗೆದ್ದಿದ್ದು!” ಕೃಪಾ ಕುಣಿದಳು. ಅಕ್ಕನ ಪಕ್ಕ ಧೊಪ್ಪನೆ ಕುಳಿತು ಕೇಳಿದಳು: “ಸೀಟ್ ಸಿಗ್ದಿದ್ರೆ ಏನ್ ಮಾಡ್ತೀಯಾ?”

“ಸಿಗ್ದಿದ್ರೆ ಇಲ್ಲ. ಅವ್ರಿಗೇ ಲಾಸು” ಎಂದಳು ದಿವ್ಯಾ ಗಟ್ಟಿಯಾಗಿ.

ಕೃಪಾ ಖುಷಿಯಿಂದ ಅಕ್ಕನ ಕೈ ಹಿಡಿದುಕೊಂಡಳು. ಅಷ್ಟು ಬಿಸಿಲಿನಲ್ಲೂ ಕೈ ತಣ್ಣಗಿತ್ತು.

ಕೃಪಾಳ ಕುಣಿತವೆಲ್ಲ ಒಳಗೇ ನಿಂತುಹೋಯಿತು. ಟ್ಯಾಂಕಿನ ಹಿಂದೆ ಅಡಗಿದ್ದ ತನ್ನದೇನೂ ಹೋಗುತ್ತಿರಲಿಲ್ಲ. ಸೀಟು ಅಕ್ಕನದು. ಇಷ್ಟು ಹೆದರಿಕೆ ಇಟ್ಟುಕೊಂಡೇ ಅಕ್ಕ ಆ ಬಟನ್ ಒತ್ತಿದ್ದಳು.

ಗೆದ್ದೆ ಎಂದು ಅವಳು ಇನ್ನೊಮ್ಮೆ ಹೇಳಲಿಲ್ಲ. ಆ ಕೈ ಬೆಚ್ಚಗಾಗುವವರೆಗೂ ಹಿಡಿದುಕೊಂಡೇ ಕುಳಿತಳು.