ಒಂಬತ್ತೂವರೆಯ ಸಾಲು

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ. ಮಂಗಳವಾರ ಬೆಳಿಗ್ಗೆ ಹತ್ತೂಕಾಲು. ಊರಿಗೆಲ್ಲ 'ಕಿವಿ ಡಾಕ್ಟರಮ್ಮ' ಎಂದೇ ಗೊತ್ತಿದ್ದ ಆಡಿಯಾಲಜಿಸ್ಟ್ ರಂಜನಾ ತನ್ನ ಕ್ಲಿನಿಕ್ಕಿನ ಪರೀಕ್ಷಾ ಕೋಣೆಯಲ್ಲಿ ಬೋರಲಾಗಿ ಬಿದ್ದಿದ್ದಳು. ತಲೆಯ ಹಿಂಬದಿ ಮೂರು ಕಡೆ ಒಡೆದಿತ್ತು. ಎಡಗೈಯ ಎರಡು ಬೆರಳು ಮುರಿದಿದ್ದವು. ಏಟು ತಡೆಯಲು ಕೈ ಅಡ್ಡ ಹಿಡಿದಿದ್ದಳು, ಪಾಪ. ಗೋಡೆಗೆ ಬಡಿದ ಸ್ಪಂಜಿನ ಹಲಗೆಗಳು ರಕ್ತ ಕುಡಿದು ಕಪ್ಪಾಗಿದ್ದವು.

ಹೊರಗಿನ ಸದ್ದು ಒಳಗೆ ಬರಬಾರದೆಂದು ಕಟ್ಟಿಸಿದ ಕೋಣೆ ಅದು. ಒಳಗಿನ ಕೂಗೂ ಹೊರಗೆ ಹೋಗಿರಲಿಲ್ಲ. ಕೆಳಗಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಸುಬ್ಬಮ್ಮನಿಗೆ ಏನೂ ಕೇಳಿಸಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಹರಿಹರ ಮೆಟ್ಟಿಲು ಹತ್ತುವಷ್ಟರಲ್ಲಿ ಕೊಲೆಗಾರನೂ ಸಿಕ್ಕಿಬಿಟ್ಟಿದ್ದ! ಹಾಗೆಂದು ಬೀದಿಯ ಜನ ತೀರ್ಮಾನ ಮಾಡಿಯಾಗಿತ್ತು. ಮುತ್ತಿನಕೊಪ್ಪದ ಗಜಾನನ, ಮರ ಕೊಯ್ಯುವ ಸಾಮಿಲ್ಲಿನ ಕೂಲಿ. ಹೆಣವನ್ನು ಮಡಿಲಿಗೆ ಎಳೆದುಕೊಂಡು ಕೂತಿದ್ದ. ಅಂಗಿ ತುಂಬ ರಕ್ತ.

"ನಿನ್ನೆ ಮಧ್ಯಾಹ್ನವೂ ಬಂದಿದ್ದ ಸಾರ್ ಇವ," ಸುಬ್ಬಮ್ಮ ನಡುಗುತ್ತಾ ಹೇಳಿದಳು. "ಮಗಳ ಕಿವಿ ಹಾಳು ಮಾಡಿದ್ರಿ ಅಂತ ಮೆಟ್ಟಿಲ ಮೇಲೇ ನಿಂತು ಕಿರುಚಾಡಿದ. ಮಗು ಕಿವಿಗೆ ಹಾಕೋ ಮೆಷಿನ್ ನೆಲಕ್ಕೆ ಬಡಿದ."

ಇನ್ನೇನು ಬೇಕು? ಹರಿಹರ ಅವನನ್ನು ಠಾಣೆಗೆ ಎಳೆದೊಯ್ದ.

"ಯಾಕೆ ಕೊಂದೆ?"

ಗಜಾನನ ಎಡಗಿವಿಯನ್ನು ಅವನತ್ತ ತಿರುಗಿಸಿದ.

"ಎಂತದ್ರಲ್ಲಿ ಹೊಡೆದೆ? ಎಲ್ಲಿ ಬಿಸಾಕಿದೆ?"

ಗಜಾನನ ಅವನ ಬಾಯಿಯನ್ನೇ ಪಿಳಿಪಿಳಿ ನೋಡುತ್ತಿದ್ದ. ಆ ನೋಟಕ್ಕೆ ಹರಿಹರನ ಪಿತ್ತ ನೆತ್ತಿಗೇರಿತು. ಅಗಲವಾದ ಅಂಗೈ ಬೀಸಿ ಎಡಗಿವಿಯ ಮೇಲೆ ಬಿಟ್ಟ. ಒಂದು. ಎರಡು. ಮೂರನೆಯದಕ್ಕೆ ಗಜಾನನ ಗೋಡೆಗೆ ಬಡಿದು ಕುಸಿದ. ಕಿವಿಯಿಂದ ಸಣ್ಣಗೆ ರಕ್ತ ಇಳಿಯಿತು.

"ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್ ಸುಬ್ಬಯ್ಯ.

"ಕಿವುಡನೂ ಇಲ್ಲ, ಕಿನ್ನರಿಯೂ ಇಲ್ಲ. ಬರೀ ನಾಟಕ. ನಾಳೆ ಮೂರು ಗಂಟೆಗೆ ಕೋರ್ಟಿಗೆ ಹಾಕೋಣ."

ಆದರೂ ಹರಿಹರ ಅಡ್ಡಾದಿಡ್ಡಿ ಕೆಲಸದವನಲ್ಲ. ಮುಂಗೋಪಿ, ಅಷ್ಟೆ. ಉಳಿದವರನ್ನೂ ಕರೆಸಿದ. ಮೊದಲು ಬಂದವನು ಖಾಸಗಿ ಬಸ್ಸಿನ ಡ್ರೈವರ್ ಮಹೇಶ್ವರ. ಅವನಿಗೆ ಒಂದು ಕಿವಿ ಮಂದ. ಚೆನ್ನಾಗಿ ಕೇಳುತ್ತದೆಂದು ಸುಳ್ಳು ಸರ್ಟಿಫಿಕೇಟ್ ಕೇಳಿದ್ದ. ರಂಜನಾ ಕೊಟ್ಟಿರಲಿಲ್ಲ.

"ಮೆಟ್ಟಿಲಿಂದ ಉರುಳಿಸ್ತೀನಿ ಅಂದಿದ್ದೆಯಂತೆ?"

"ಅಂದಿದ್ದೆ ಸಾರ್. ಸಿಟ್ಟು ಬಂದಿತ್ತು. ನಲವತ್ತು ಜನರನ್ನ ಹೊತ್ಕೊಂಡು ಹೋಗ್ತಿ, ಹಿಂದಿನ ಲಾರಿ ಹಾರ್ನ್ ಕೇಳದೆ ಯಾರಾದ್ರೂ ಸತ್ರೆ ನಾನು ಬರೆದ ಕಾಗದವೇ ಕೊಂದ ಹಾಗೆ ಅಂದ್ರು ಆ ಯಮ್ಮ. ಎಂತ ಹೇಳೋದು?"

"ಇವತ್ತು ಬೆಳಿಗ್ಗೆ ಎಲ್ಲಿದ್ದೆ?"

"ಬಾಳೆಹೊನ್ನೂರಲ್ಲಿ, ಟೈರ್ ಬಿಚ್ಚಿಕೊಂಡು. ಬಸ್ಸಿನ ಜನರೆಲ್ಲ ನನ್ನ ಬಯ್ತಾ ನಿಂತಿದ್ರು. ಯಾರನ್ನ ಬೇಕಾದ್ರೂ ಕೇಳಿ."

ಕೇಳಿದರು. ನಿಜವಾಗಿತ್ತು.

ಎರಡನೆಯವನು ವಿಘ್ನೇಶ್ವರ. ನಲವತ್ತು ದಾಟಿದವನು, ಕ್ಲಿನಿಕ್ಕಿನ ಟೆಕ್ನಿಷಿಯನ್. ನರಸಿಂಹರಾಜಪುರದ, ಅಂದರೆ ಎನ್.ಆರ್.ಪುರದ, ಶಾಲೆಯೊಂದರಲ್ಲಿ ನಡೆಯುತ್ತಿದ್ದ ಕಿವಿ ತಪಾಸಣೆಯ ಕ್ಯಾಂಪನ್ನು ಅವನೇ ನೋಡಿಕೊಳ್ಳುತ್ತಿದ್ದ. ಸಾವಿನ ಸುದ್ದಿಗೆ ಅವನು ಅತ್ತ ಅಳು ನೋಡಿ ಸುಬ್ಬಯ್ಯನೇ ನೀರು ತಂದುಕೊಟ್ಟ.

"ಒಂಬತ್ತಕ್ಕೆ ಕ್ಯಾಂಪಿನ ಸಾಮಾನು ತಗೊಳ್ಳಕ್ಕೆ ಬಂದೆ ಸಾರ್. ಮೇಡಂ ಇದ್ರು. ಒಂಬತ್ತೂಕಾಲರ ಎನ್.ಆರ್.ಪುರ ಬಸ್ಸು ಹತ್ತಿದೆ."

"ಆಮೇಲೂ ಅವರು ಬದುಕಿದ್ರು ಅಂತ ಹೇಗೆ ಹೇಳ್ತೀರಿ?"

"ಪುಸ್ತಕ ನೋಡಿ ಸಾರ್. ದಿನಾ ಮೇಡಂ ಹೆಡ್‌ಫೋನ್ ತಾವೇ ಹಾಕ್ಕೊಂಡು ಮೆಷಿನ್ ಸರಿ ಇದೆಯಾ ಅಂತ ಕೇಳಿ ಬರೀತಾರೆ. ಟೈಮೂ ಹಾಕ್ತಾರೆ."

ಪುಸ್ತಕ ಮೇಜಿನ ಮೇಲೇ ಇತ್ತು. ಮಂಗಳವಾರ, ೯–೩೦. ಬಲಗಿವಿ ಸರಿ. ಎಡಗಿವಿ ಸರಿ. ಪಕ್ಕದಲ್ಲಿ ಒಂದಿಷ್ಟು ಅಂಕಿ, ಒಂದು ಗೀಚು ಸಹಿ. ಬಸ್ಸಿನ ಕಂಡಕ್ಟರನೂ ಹೌದೆಂದ: ವಿಘ್ನೇಶ್ವರ ಒಂಬತ್ತೂಕಾಲಕ್ಕೆ ಹತ್ತಿದ್ದು ನಿಜ, ಬಟ್ಟೆಯ ದೊಡ್ಡ ಬ್ಯಾನರ್ ಸುರುಳಿಯನ್ನು ಸೀಟಿನಡಿ ತುರುಕಿದ್ದೂ ನಿಜ.

ಒಂಬತ್ತೂವರೆಗೆ ಡಾಕ್ಟರಮ್ಮ ಬದುಕಿದ್ದಳು. ಹತ್ತೂಕಾಲಕ್ಕೆ ಹೆಣ. ನಡುವೆ ಬಂದವನು, ಸುಬ್ಬಮ್ಮ ಕಂಡಂತೆ, ಗಜಾನನ ಒಬ್ಬನೇ. ಹರಿಹರ ಫೈಲು ಮುಚ್ಚಿದ.

ಬುಧವಾರ ಬೆಳಿಗ್ಗೆ ಶಿವಮೊಗ್ಗದಿಂದ ಸಂಪದಾ ಬಂದಳು. ರಂಜನಾಳ ಜೊತೆಗೆ ಓದಿದವಳು, ಅಲ್ಲಿನ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್. ಗೆಳತಿಯ ಹೆಣ ನೋಡಿ ಕಣ್ಣು ಕೆಂಪಾಗಿಸಿಕೊಂಡು ಠಾಣೆಗೆ ಬಂದವಳು ಲಾಕಪ್ಪಿನ ಮುಂದೆ ಗಕ್ಕನೆ ನಿಂತಳು.

"ಈ ಮನುಷ್ಯನ ಕಿವಿಯಿಂದ ರಕ್ತ ಬಂದಿದೆ. ನಿಮ್ಮ ಮಾತೂ ಇವರಿಗೆ ಕೇಳಿಸ್ತಿಲ್ಲ."

"ನಾಟಕ ಮೇಡಂ."

"ನಾಟಕವೋ ಅಲ್ಲವೋ ಹತ್ತು ನಿಮಿಷದಲ್ಲಿ ಗೊತ್ತಾಗ್ತದೆ. ರಂಜನಾಳ ಮೆಷಿನ್ ಇದೆಯಲ್ಲ?"

ಫೋಟೋ, ಮಹಜರು ಎಲ್ಲ ಮುಗಿದಿತ್ತು. ನಾಟಕವೆಂದು ರುಜುವಾತಾದರೆ ಒಳ್ಳೆಯದೇ ಎಂದು ಹರಿಹರ ಒಪ್ಪಿದ. ಗಜಾನನನನ್ನು ಅದೇ ಕೋಣೆಗೆ ತಂದರು. ಅವನು ನೆಲದ ಕಲೆ ನೋಡಿ ಮಗುವಿನಂತೆ ಬಿಕ್ಕಿದ.

ಸಂಪದಾ ಗೂಟದ ಮೇಲಿದ್ದ ಹೆಡ್‌ಫೋನ್ ತೆಗೆದು ತನ್ನ ತಲೆಗೇ ಏರಿಸಿಕೊಂಡಳು.

"ಪರೀಕ್ಷೆ ಅವನಿಗಲ್ವ?"

"ಮೊದಲು ನಾವು ಕೇಳ್ಬೇಕು. ಆಮೇಲೆ ರೋಗಿ. ನಮ್ಮ ಕೆಲಸದ ಮೊದಲ ನೇಮ ಇದು." ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಹುಬ್ಬು ಗಂಟಾಯಿತು. "ಬಲಗಡೆ ಸತ್ತಿದೆ ಸಾರ್. ಒಂದಿಷ್ಟೂ ಸದ್ದಿಲ್ಲ."

ಹರಿಹರ ತಾನೇ ಹಾಕಿಕೊಂಡು ನೋಡಿದ. ಎಡಕ್ಕೆ ಕುಂಯ್ ಎಂದಿತು. ಬಲಕ್ಕೆ ಏನೂ ಇಲ್ಲ.

"ಹೊಡೆದಾಟದಲ್ಲಿ ಹಾಳಾಗಿರ್ಬಹುದು," ಎಂದ. ಅವನ ದನಿಗೇ ಧೈರ್ಯವಿರಲಿಲ್ಲ. ಹೆಡ್‌ಫೋನ್ ಅಚ್ಚುಕಟ್ಟಾಗಿ ಗೂಟದಲ್ಲಿತ್ತು, ಒಂದು ಹನಿ ರಕ್ತವೂ ಸಿಡಿಯದ ಮೂಲೆಯಲ್ಲಿ.

ಸೋಮವಾರದ ಕೊನೆಯ ರೋಗಿ ಯಾರು? ಹಾಜರಿ ಪಟ್ಟಿಯಲ್ಲಿ ಹೆಸರಿತ್ತು. ಶೃಂಗೇರಿಯ ಲಲಿತಮ್ಮ. ಹರಿಹರ ಫೋನು ಹಚ್ಚಿದ.

"ಎಂತ ಪರೀಕ್ಷೆಯೋ ಮಾರಾಯ, ಆಗ್ಲೇ ಇಲ್ಲ!" ಆ ಕಡೆಯಿಂದ ಲಲಿತಮ್ಮ ಕೂಗಿ ಹೇಳಿದರು. "ಸಂಜೆ ನಾಲ್ಕಕ್ಕೆ ಹೆಡ್‌ಫೋನ್ ಹಾಕಿದ್ರು. ಬಲಗಡೆ ತಂತಿ ಹೋಗಿದೆ ಅಮ್ಮ, ಅರ್ಧ ಪರೀಕ್ಷೆ ಮಾಡಿ ಕಾಗದ ಕೊಡಲ್ಲ, ಗುರುವಾರ ಬನ್ನಿ ಅಂದು ವಾಪಸ್ ಕಳಿಸಿದ್ರು. ಅಂದಾಜಿಗೆ ಬರೆದು ಕೊಡು ಕೂಸೇ ಅಂದ್ರೂ ಕೇಳಲಿಲ್ಲ. ಒಳ್ಳೆ ಹಟ ಅದರದ್ದು!"

ಹರಿಹರ ಫೋನು ಇಟ್ಟ. ಪುಸ್ತಕದ ಮಂಗಳವಾರದ ಸಾಲನ್ನು ಮತ್ತೆ ಓದಿದ: ಬಲಗಿವಿ ಸರಿ. ಅಷ್ಟರಲ್ಲಿ ಸಂಪದಾ ಸಣ್ಣ ಟಾರ್ಚು ಹಿಡಿದು ಗಜಾನನನ ಕಿವಿ ನೋಡಿ ಮುಗಿಸಿದ್ದಳು. ಕಾಗದದ ಮೇಲೆ ಬರೆದು, ಸನ್ನೆ ಮಾಡಿ, ಏನೇನೋ ಕೇಳಿದ್ದಳು.

"ಸಾಮಿಲ್ಲಿನ ಗದ್ದಲಕ್ಕೆ ಬಲಗಿವಿ ಹೋಗಿ ಹತ್ತು ವರ್ಷ ಆಯ್ತಂತೆ. ಎಡಗಿವೀಲಿ ಸ್ವಲ್ಪ ಕೇಳ್ತಿತ್ತು. ಈಗ ಅದರ ತಮಟೆ ಹರಿದಿದೆ. ನಿನ್ನೆ ಇವರನ್ನ ಬರೋಕೆ ಹೇಳಿದ್ದೂ ರಂಜನಾಳೇ. ಆರು ವರ್ಷದ ಮಗಳಿಗೆ ಎನ್.ಆರ್.ಪುರದ ಕ್ಯಾಂಪಲ್ಲಿ ಕೊಟ್ಟ ಮೆಷಿನ್ ಹಾಕಿದ್ರೆ ಮಗು ಕಿರುಚಿ ಕಿತ್ತು ಬಿಸಾಕ್ತದಂತೆ. ಅಲ್ಲಿನ ಪರೀಕ್ಷೆಯ ಮೆಷಿನ್ನೇ ತಪ್ಪು ಅಳೆದಿರ್ಬೇಕು."

ಹರಿಹರ ಗಡಿಯಾರ ನೋಡಿದ. ಹನ್ನೊಂದು. ಮೂರಕ್ಕೆ ಕೋರ್ಟು. ನಿರಪರಾಧಿಯನ್ನು ಅಲ್ಲಿಗೆ ಕಳಿಸಿದರೆ ಕೊಲೆಯ ಪಾಲು ತನಗೂ ಬರುತ್ತದೆ.

"ಸುಬ್ಬಯ್ಯ, ಜೀಪು ತಗೋ. ಆ ಶಾಲೆಯ ಕೋಣೆ ಜಾಲಾಡು. ಕ್ಯಾಂಪಿನ ಪುಸ್ತಕ ಬೇಕು. ಬ್ಯಾನರ್ ಸುರುಳಿಯೂ ಬೇಕು, ಯಾರಿಗೂ ಗೊತ್ತಾಗದ ಹಾಗೆ. ವಿಘ್ನೇಶ್ವರನನ್ನ ಮರ್ಯಾದೆಯಿಂದಲೇ ಕರ್ಕೊಂಡು ಬಾ. ಮೆಷಿನ್ ನೋಡ್ಬೇಕಂತೆ ಅನ್ನು."

ಎರಡು ಗಂಟೆಗೆ ವಿಘ್ನೇಶ್ವರ ಮೆಟ್ಟಿಲು ಹತ್ತಿ ಬಂದ.

"ಸ್ವಲ್ಪ ಸಹಾಯ ಮಾಡಿ," ಹರಿಹರ ನಯವಾಗಿಯೇ ಹೇಳಿದ. "ಈ ಮೆಷಿನ್ ಸರಿ ಇದೆಯಾ ಅಂತ ಕೋರ್ಟಿಗೆ ಬರೀಬೇಕು. ಕೇಳಿ ಹೇಳಿ."

ವಿಘ್ನೇಶ್ವರ ಹೆಡ್‌ಫೋನ್ ಹಾಕಿಕೊಂಡ. ಸಂಪದಾ ಬಲದ ಗುಂಡಿ ಒತ್ತಿದಳು.

"ಕೇಳಿಸ್ತಾ?"

"ಕೇಳಿಸ್ತದೆ."

"ಇನ್ನೂ ಸಣ್ಣ ಸದ್ದು?"

"ಕೇಳಿಸ್ತದೆ ಸಾರ್. ಬಲಗಡೆ ಸರಿ ಇದೆ."

ಸಂಪದಾಳ ಕೈ ಗುಂಡಿಯ ಮೇಲೇ ಉಳಿದಿತ್ತು.

"ಬಲಗಡೆ ಸೋಮವಾರ ಸಂಜೆಯೇ ಸತ್ತಿದೆ ವಿಘ್ನೇಶ್ವರ," ಎಂದ ಹರಿಹರ. "ಆಗ ನೀನು ಕ್ಯಾಂಪಿನಲ್ಲಿದ್ದೆ, ನಿನಗೆ ಗೊತ್ತಾಗ್ಲಿಲ್ಲ. ಅರ್ಧ ಪರೀಕ್ಷೆಗೆ ಕಾಗದ ಕೊಡದೆ ಶೃಂಗೇರಿಯಿಂದ ಬಂದವರನ್ನ ವಾಪಸ್ ಕಳಿಸಿದ ಹೆಂಗಸು ಮಾರನೇ ದಿನ 'ಬಲಗಿವಿ ಸರಿ' ಅಂತ ಬರೀತಾಳಾ? ಒಂಬತ್ತೂವರೆಯ ಸಾಲು ಅವಳದ್ದಲ್ಲ. ಹಿಂದಿನ ದಿನದ ಅಂಕಿ ನೋಡಿ ಯಾರೋ ಇಳಿಸಿದ್ದಾರೆ."

"ಯಾರು ಬೇಕಾದ್ರೂ ಬರೀಬಹುದು…"

"ಗಜಾನನನಿಗೆ ಆ ಪುಸ್ತಕ ಇರೋದೇ ಗೊತ್ತಿಲ್ಲ. ಮಹೇಶ್ವರನಿಗೂ ಗೊತ್ತಿಲ್ಲ. ದಿನಾ ಅದನ್ನ ತುಂಬಬೇಕು ಅಂತ ಬಲ್ಲವನು ನೀನೊಬ್ಬನೇ. ಒಂಬತ್ತೂಕಾಲರ ಬಸ್ಸು ಹತ್ತೋನಿಗೆ ಮಾತ್ರ ಒಂಬತ್ತೂವರೆ ಅನ್ನೋ ಟೈಮು ಬೇಕಿತ್ತು." ಹರಿಹರ ಇನ್ನೊಂದು ಪುಸ್ತಕವನ್ನು ಮೇಜಿನ ಮೇಲೆ ಎಸೆದ. "ಇದು ನಿನ್ನ ಕ್ಯಾಂಪಿನದ್ದು. ನಾಲ್ಕು ತಿಂಗಳಿಂದ ದಿನಾ ಅದೇ ಅಂಕಿ! ಒಂದು ದಿನವೂ ಹೆಡ್‌ಫೋನ್ ಹಾಕಿ ಕೇಳಿಲ್ಲ ನೀನು. ಕ್ಯಾಂಪಿನ ಪರೀಕ್ಷೆಯ ಮೆಷಿನ್ ಕೆಟ್ಟಿತ್ತು. ಸಣ್ಣ ಮಂದವನ್ನ ದೊಡ್ಡ ಕಿವುಡು ಅಂತ ತೋರಿಸ್ತಿತ್ತು. ನೀನು ಮಕ್ಕಳ ಕಿವಿಗೆ ದೊಡ್ಡ ಸದ್ದಿನ ಮೆಷಿನ್ ಹಾಕಿ ಕಳಿಸಿದೆ. ಆ ಸದ್ದು ಇದ್ದ ಕಿವಿಯನ್ನೂ ತಿಂತು."

"ನನ್ನ ಮೇಲೆ ಲೈಸೆನ್ಸ್ ಕೊಡೋ ಕೌನ್ಸಿಲಿಗೆ ಬರೀತೀನಿ ಅಂದ್ಲು," ವಿಘ್ನೇಶ್ವರ ಹೆಡ್‌ಫೋನ್ ಕಿತ್ತು ಹಾಕಿದ. "ಎಲ್ಲ ಮಕ್ಕಳ ಮನೆಗೂ ಹೋಗಿ ತಪ್ಪು ಒಪ್ಕೋಬೇಕು ಅಂದ್ಲು. ಅವಳ ಸಹಿಯೂ ಕ್ಯಾಂಪಿನ ಕಾಗದಗಳ ಮೇಲಿತ್ತು! ತನ್ನ ಮೇಲೂ ಬರೀತೀನಿ ಅಂದ್ಲು ಸಾರ್, ಹುಚ್ಚಿ!"

"ಅದಕ್ಕೆ ಕ್ಲಿನಿಕ್ಕಿನ ಷಟರ್ ಎಳೆಯೋ ಕಬ್ಬಿಣದ ಕೊಕ್ಕೆ ತಗೊಂಡೆ."

ಸುಬ್ಬಯ್ಯ ಬ್ಯಾನರ್ ಬಿಡಿಸಿದ. ಕೊಕ್ಕೆ ಠಣ್ಣನೆ ನೆಲಕ್ಕೆ ಬಿತ್ತು. ಜೊತೆಗೆ ರಕ್ತ ಹೆಪ್ಪುಗಟ್ಟಿದ ಬಿಳಿ ಕೋಟು.

ವಿಘ್ನೇಶ್ವರ ಒಂದೇ ನೆಗೆತಕ್ಕೆ ಕೊಕ್ಕೆ ಹಿಡಿದು ಬೀಸಿದ. ಹರಿಹರನ ಭುಜದ ಮೂಳೆ ಲಟಕ್ಕೆಂದಿತು. ಎರಡನೇ ಏಟು ಸಂಪದಾಳ ತಲೆಯತ್ತ ಎದ್ದಿತು. ಬಾಗಿಲಲ್ಲಿ ಕೂತಿದ್ದ ಗಜಾನನ ಬೇಡಿಯ ಕೈಯಲ್ಲೇ ಅವನ ಕಾಲಿಗೆ ಬಿದ್ದು ಎಳೆದ. ಇಬ್ಬರೂ ಉರುಳಿದರು. ವಿಘ್ನೇಶ್ವರನ ಮುಖ ಮೇಜಿನ ಅಂಚಿಗೆ ಅಪ್ಪಳಿಸಿ ಮೂಗು ಒಡೆಯಿತು. ಸುಬ್ಬಯ್ಯ ಮೇಲೆ ಕೂತು ಬೇಡಿ ಹಾಕಿದ.

ಗುರುವಾರ ಶಿವಮೊಗ್ಗದ ಆಸ್ಪತ್ರೆ. ಹರಿಹರನ ತೋಳು ಜೋಲಿಯಲ್ಲಿತ್ತು. ಬಿಡುಗಡೆಯಾದ ಗಜಾನನನ ಪಕ್ಕದಲ್ಲಿ ಮಗಳು ಕೂತಿದ್ದಳು. ಸಂಪದಾ ಹೊಸದಾಗಿ ಹೊಂದಿಸಿಕೊಟ್ಟ ಮೆಷಿನ್ ಹಾಕಿಕೊಂಡು ಆ ಹುಡುಗಿ, "ಅಪ್ಪಾ, ಅಪ್ಪಾ" ಎಂದು ಕರೆದು ಕರೆದು ನೋಡುತ್ತಿದ್ದಳು. ಅವನು ತಿರುಗಲಿಲ್ಲ. ಹರಿಹರನಿಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು.

"ತಮಟೆ ಕೂಡಬಹುದು. ಒಳಗಿನ ನರ ಹೋಗಿದೆ, ಅದು ವಾಪಸ್ ಬರಲ್ಲ," ಸಂಪದಾ ಪೆನ್ನು ಬಿಚ್ಚಿದಳು. "ಪೆಟ್ಟು ಹೇಗಾಯ್ತು? ಇಲ್ಲಿ ಬರೀಬೇಕು."

"ಲಾಕಪ್ಪಿನಲ್ಲಿ ಜಾರಿ ಬಿದ್ದ ಅಂತ ಬರೀರಿ ಮೇಡಂ," ಸುಬ್ಬಯ್ಯ ಮುಂದೆ ಬಂದ. "ಸಾಹೇಬ್ರ ನೌಕರಿ ಪ್ರಶ್ನೆ. ಕೊಲೆಗಾರನ್ನ ಹಿಡಿದುಕೊಟ್ಟವರು ಅವರೇ ಅಲ್ವ?"

ಸಂಪದಾ ಹರಿಹರನನ್ನು ನೋಡಿದಳು. ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಬರೀರಿ ಮೇಡಂ. ಮಂಗಳವಾರ, ಹನ್ನೊಂದೂವರೆ. ಅಂಗೈಯಲ್ಲಿ ಮೂರು ಏಟು. ಹೊಡೆದವನು ಸಬ್ ಇನ್‌ಸ್ಪೆಕ್ಟರ್ ಹರಿಹರ."

"ಸಾರ್…" ಎಂದ ಸುಬ್ಬಯ್ಯ.

"ಇವನಿಗೆ ಕೇಳಲ್ಲ ಅಂತ ಗೊತ್ತಿರಲಿಲ್ಲ ಅಂತ ಸೇರಿಸಬೇಡಿ. ಗೊತ್ತು ಮಾಡ್ಕೊಳ್ಳೋಕೆ ನಾನು ಹೋಗಲಿಲ್ಲ, ಅಷ್ಟೆ."

ಅವಳು ಬರೆದು ಮುಗಿಸಿ ಕಾಗದ ತಿರುಗಿಸಿದಳು. ಜೋಲಿಯಲ್ಲಿದ್ದ ಬಲತೋಳು ಏಳುತ್ತಿರಲಿಲ್ಲ. ಹರಿಹರ ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದ. ಆಮೇಲೆ ಗಜಾನನನ ಎದುರಿಗೆ ಹೋಗಿ, ತುಟಿ ಕಾಣುವಂತೆ ಬಗ್ಗಿ, ನಿಧಾನಕ್ಕೆ, "ತಪ್ಪಾಯ್ತು" ಎಂದ.